ಎರಡು ಚಿತ್ರಗಳಲ್ಲಿ ಏನು ಬದಲಾಗಿದೆ? ಪ್ರೋಗ್ರಾಂ ಬರೆದು ಹುಡುಕಿದ ನನ್ನ ಅನುಭವ

ಯಂತ್ರದ ಭಾಗವೊಂದರ ಡ್ರಾಯಿಂಗ್. ಹಳೆಯ ಪ್ರತಿ ಒಂದು, ತಿದ್ದಿದ ಪ್ರತಿ ಇನ್ನೊಂದು. ಎರಡೂ ಕಾಗದದಿಂದ ಸ್ಕ್ಯಾನ್ ಆಗಿ ಬಂದಿವೆ. ಎಲ್ಲೆಲ್ಲಿ ತಿದ್ದಿದ್ದಾರೆ ಅಂತ ಯಾರೂ ಗುರುತು ಹಾಕಿಲ್ಲ. ನನ್ನ ಕೆಲಸದಲ್ಲಿ ಇಂಥ ಜೋಡಿಗಳು ಆಗಾಗ ಬರುತ್ತವೆ. ಹೊಸ ರಂಧ್ರ ಸೇರಿದ್ದರೆ ಕಣ್ಣಿಗೇ ಕಾಣುತ್ತದೆ. 12.5 ಇದ್ದದ್ದು 125 ಆಗಿದ್ದರೆ ಕಾಣುವುದು ಕಷ್ಟ. ಆ ಚುಕ್ಕಿಯನ್ನು ತಪ್ಪದೆ ಹಿಡಿಯುವ ಪ್ರೋಗ್ರಾಂ ನನಗೆ ಬೇಕಿತ್ತು. ಪೈಥಾನ್‌ನಲ್ಲಿ, ಚಿತ್ರಗಳ ಕೆಲಸಕ್ಕೆಂದೇ ಇರುವ ಓಪನ್‌ಸಿವಿ ಲೈಬ್ರರಿ ಬಳಸಿ ಬರೆದುಕೊಂಡೆ.

ಮೂಲ ಲೆಕ್ಕ ಸುಲಭ. ಬೂದು ಚಿತ್ರದ ಪ್ರತಿ ಪಿಕ್ಸೆಲ್ 0ಯಿಂದ 255ರವರೆಗಿನ ಒಂದು ಸಂಖ್ಯೆ. ಒಂದರಿಂದ ಇನ್ನೊಂದನ್ನು ಕಳೆಯಿರಿ, ಸೊನ್ನೆ ಬರದ ಕಡೆ ಬದಲಾವಣೆ ಇದೆ. ಓಪನ್‌ಸಿವಿಯ ಆಬ್ಸ್‌ಡಿಫ್ ಇದನ್ನು ಒಂದೇ ಸಾಲಿನಲ್ಲಿ ಮಾಡುತ್ತದೆ. ಪೈಥಾನ್‌ನ ಸಂಖ್ಯಾ ಲೈಬ್ರರಿಯಾದ ನಂಪೈನಲ್ಲಿ ಸುಮ್ನೆ ಮೈನಸ್ ಚಿಹ್ನೆ ಹಾಕಬೇಡಿ. ಎಂಟು ಬಿಟ್ ಸಂಖ್ಯೆಗಳಲ್ಲಿ ಮೈನಸ್ ಬೆಲೆಗೆ ಜಾಗವಿಲ್ಲ, ಸೊನ್ನೆಗಿಂತ ಕೆಳಗಿಳಿದರೆ ಎಣಿಕೆ ಮತ್ತೆ 255ರಿಂದ ಶುರುವಾಗುತ್ತದೆ, ಹಾಗಾಗಿ 10ರಿಂದ 20 ಕಳೆದರೆ 246 ಬರುತ್ತದೆ. ಕೋಡ್ ಬರೆಯುವುದೇ ಬೇಡ ಅನ್ನುವವರಿಗೆ ಇಮೇಜ್‌ಮ್ಯಾಜಿಕ್ ಎಂಬ ಸಾಫ್ಟ್‌ವೇರ್‌ನ ಕಂಪೇರ್ ಕಮಾಂಡ್ ಇದೆ. ಬೇರೆಯಾದ ಪಿಕ್ಸೆಲ್‌ಗಳನ್ನು ಕೆಂಪಾಗಿ ತೋರಿಸುತ್ತದೆ, ಎಷ್ಟಿವೆ ಅಂತ ಎಣಿಸಿಯೂ ಕೊಡುತ್ತದೆ. ಕಂಪ್ಯೂಟರ್‌ನಲ್ಲೇ ಹುಟ್ಟಿದ ಎರಡು ಪಿಎನ್‌ಜಿ ಫೈಲ್‌ಗಳಿಗೆ ಇಷ್ಟೇ ಸಾಕು.

ಸ್ಕ್ಯಾನ್‌ಗೆ ಸಾಕಾಗುವುದಿಲ್ಲ. ಎ4 ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) ಸ್ಕ್ಯಾನ್ ಮಾಡಿದರೆ 2480 × 3508, ಅಂದರೆ ಸುಮಾರು 87 ಲಕ್ಷ ಪಿಕ್ಸೆಲ್. ಹಾಳೆ ಅರ್ಧ ಡಿಗ್ರಿ ಓರೆಯಾಗಿ ಕೂತಿದ್ದರೂ ಮೇಲಿಂದ ಕೆಳಗೆ ಬರುವಷ್ಟರಲ್ಲಿ ಗೆರೆ 30 ಪಿಕ್ಸೆಲ್‌ನಷ್ಟು ಸರಿದಿರುತ್ತದೆ. ಕಳೆದು ನೋಡಿದರೆ ಎಲ್ಲ ಗೆರೆಗಳೂ ಎರಡೆರಡು ಕಾಣುತ್ತವೆ. ಬದಲಾಗದ ಡ್ರಾಯಿಂಗ್ ಕೂಡ ಪೂರ್ತಿ ಬದಲಾದ ಹಾಗೆ ಕಾಣುತ್ತದೆ. ಹಾಗಾಗಿ ಮೊದಲು ಒಂದರ ಮೇಲೆ ಇನ್ನೊಂದನ್ನು ಸರಿಯಾಗಿ ಕೂರಿಸಬೇಕು. ನನ್ನ ಮಟ್ಟಿಗೆ ಈ ಕೆಲಸದ ಜೀವಾಳವೇ ಇದು.

ಕೂರಿಸಲು ನಾನು ಬಳಸಿದ್ದು ಆರ್ಬ್, 2011ರಲ್ಲಿ ಬಂದ ವಿಧಾನ. ಅದು ಎರಡೂ ಚಿತ್ರಗಳಲ್ಲಿ ಮೂಲೆಯಂಥ ಎದ್ದು ಕಾಣುವ ಬಿಂದುಗಳನ್ನು ಹುಡುಕಿ, ಸುತ್ತಲಿನ ನೋಟವನ್ನು ಬರೆದಿಟ್ಟುಕೊಳ್ಳುತ್ತದೆ. ಆಮೇಲೆ ಇಲ್ಲಿನ ಬಿಂದುವಿಗೆ ಅಲ್ಲಿನ ಯಾವ ಬಿಂದು ಜೋಡಿ ಅಂತ ನೋಡುವುದು. ಡ್ರಾಯಿಂಗ್‌ನಲ್ಲಿ ಒಂದೇ ಅಂಕಿ, ಒಂದೇ ಬಾಣದ ತುದಿ ಹತ್ತಾರು ಕಡೆ ಇರುತ್ತವೆ. ತಪ್ಪು ಜೋಡಿಗಳು ಬಂದೇ ಬರುತ್ತವೆ. ಅವನ್ನು ಹೊರಹಾಕಲು ರಾನ್‌ಸ್ಯಾಕ್ ಇದೆ. 1981ರಲ್ಲಿ ಬಂದ ವಿಧಾನ, ಇವತ್ತಿಗೂ ಈ ಕೆಲಸಕ್ಕೆ ನಾನು ಮೊದಲು ಬಳಸುವುದು ಅದನ್ನೇ. ಕೆಲವೇ ಜೋಡಿಗಳನ್ನು ಅಡ್ಡಾದಿಡ್ಡಿ ಎತ್ತಿಕೊಂಡು, ಹಾಳೆ ಎಷ್ಟು ಸರಿದಿದೆ, ತಿರುಗಿದೆ ಅಂತ ಲೆಕ್ಕ ಹಾಕುತ್ತದೆ. ಉಳಿದ ಎಷ್ಟು ಜೋಡಿಗಳು ಒಪ್ಪುತ್ತವೆ ಅಂತ ನೋಡುತ್ತದೆ. ಹೀಗೆ ಮತ್ತೆ ಮತ್ತೆ ಮಾಡಿ, ಜಾಸ್ತಿ ಒಪ್ಪಿಗೆ ಸಿಕ್ಕಿದ್ದನ್ನು ಉಳಿಸಿಕೊಳ್ಳುತ್ತದೆ.

ಇಲ್ಲಿ ಒಂದು ಆಯ್ಕೆ ಇದೆ. ಅನೇಕ ಕಡೆ ಹೋಮೋಗ್ರಫಿ (ಓರೆ ನೋಟವನ್ನೂ ಸರಿಪಡಿಸುವ ರೂಪಾಂತರ) ಬಳಸಿ ಅಂತ ಹೇಳಿಕೊಡುತ್ತಾರೆ. ಕ್ಯಾಮೆರಾದಿಂದ ಓರೆಯಾಗಿ ತೆಗೆದ ಫೋಟೋಗೆ ಅದು ಸರಿ. ಫ್ಲಾಟ್‌ಬೆಡ್ ಸ್ಕ್ಯಾನರ್‌ನಲ್ಲಿ ಹಾಳೆ ಸರಿಯಬಹುದು, ತಿರುಗಬಹುದು, ಅಳತೆ ತುಸು ಹೆಚ್ಚುಕಡಿಮೆ ಆಗಬಹುದು, ಅಷ್ಟೇ ಅಲ್ವಾ? ಅಷ್ಟಕ್ಕೆ ಮಾತ್ರ ಅವಕಾಶ ಕೊಡುವ ಸರಳ ರೂಪಾಂತರವನ್ನೇ ನಾನು ಬಳಸುತ್ತೇನೆ. ಹೋಮೋಗ್ರಫಿಗೆ ಹಾಳೆಯನ್ನು ಇಲ್ಲದ ಕೋನಕ್ಕೆ ಎಳೆಯುವ ಸ್ವಾತಂತ್ರ್ಯವೂ ಇದೆ. ನನಗೆ ಅದು ಬೇಡ. ಇನ್ನೊಂದು ವಿಷಯ, ಬಿಂದುಗಳು ಹಾಳೆಯ ತುಂಬ ಹರಡಿರಬೇಕು. ಎಲ್ಲವೂ ಡ್ರಾಯಿಂಗ್‌ನ ಹೆಸರು, ವಿವರ ಇರುವ ಕೆಳಗಿನ ಟೈಟಲ್ ಬ್ಲಾಕ್‌ನಲ್ಲೇ ಸಿಕ್ಕರೆ ಆ ಮೂಲೆ ಚೆನ್ನಾಗಿ ಕೂರುತ್ತದೆ, ಎದುರಿನ ಮೂಲೆ ಕೂರುವುದಿಲ್ಲ. ಅದಕ್ಕೆ ಹಾಳೆಯನ್ನು ಚೌಕಗಳಾಗಿ ಒಡೆದು, ಪ್ರತಿ ಚೌಕದಿಂದಲೂ ಕೆಲವು ಬಿಂದು ತೆಗೆದುಕೊಳ್ಳುತ್ತೇನೆ.

ಇಷ್ಟಾದರೂ ಗೆರೆಯ ಅಂಚುಗಳಲ್ಲಿ ಒಂದೆರಡು ಪಿಕ್ಸೆಲ್ ವ್ಯತ್ಯಾಸ ಉಳಿಯುತ್ತದೆ. ಆದ್ದರಿಂದ ನೇರವಾಗಿ ಕಳೆಯುವುದನ್ನು ಬಿಟ್ಟು ಪ್ರಶ್ನೆಯನ್ನೇ ಬದಲಿಸಿದೆ. ಹೊಸ ಹಾಳೆಯಲ್ಲಿ ಶಾಯಿ ಇರುವ ಪ್ರತಿ ಪಿಕ್ಸೆಲ್‌ಗೂ, ಹಳೆಯ ಹಾಳೆಯಲ್ಲಿ ಎರಡು ಪಿಕ್ಸೆಲ್ ಆಸುಪಾಸಿನಲ್ಲಿ ಶಾಯಿ ಇದೆಯಾ? ಇಲ್ಲದಿದ್ದರೆ ಅದು ಸೇರಿಸಿದ್ದು. ಇದನ್ನೇ ತಿರುಗಿಸಿ ಕೇಳಿದರೆ ಅಳಿಸಿದ್ದು ಸಿಗುತ್ತದೆ. ಪ್ರೋಗ್ರಾಂನಲ್ಲಿ ಮಾಡುವುದು ಸುಲಭ: ಹಳೆಯದರ ಶಾಯಿಯನ್ನು ಡೈಲೇಟ್ ಮಾಡಿ ದಪ್ಪಗಾಗಿಸಿ, ಹೊಸದರಿಂದ ಅಷ್ಟನ್ನು ತೆಗೆದುಬಿಡಿ. ಸೇರಿಸಿದ್ದನ್ನು ನೀಲಿ, ಅಳಿಸಿದ್ದನ್ನು ಕೆಂಪು, ಉಳಿದದ್ದನ್ನು ತಿಳಿ ಬೂದು ಬಣ್ಣದಲ್ಲಿ ತೋರಿಸುತ್ತೇನೆ.

ಯಾವುದು ಶಾಯಿ, ಯಾವುದು ಕಾಗದ ಅಂತ ಬೇರ್ಪಡಿಸಲು ಕಪ್ಪು-ಬಿಳುಪಿನ ನಡುವಿನ ಗಡಿಯನ್ನು ತಾನೇ ಆರಿಸುವ ಓಟ್ಸು ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಳೆದು ಬಂದ ಚಿತ್ರದ ಮೇಲೆ ಅದನ್ನೇ ಹಾಕಬೇಡಿ. ಅದು ಪಿಕ್ಸೆಲ್‌ಗಳನ್ನು ಎರಡು ಗುಂಪು ಮಾಡಿಯೇ ತೀರುತ್ತದೆ. ಬದಲಾವಣೆಯೇ ಇಲ್ಲದಿದ್ದರೆ ಸ್ಕ್ಯಾನರ್‌ನ ಸಣ್ಣಪುಟ್ಟ ಏರುಪೇರುಗಳನ್ನೇ ಎರಡಾಗಿ ಒಡೆದು ಒಂದು ಪಾಲನ್ನು ಬದಲಾವಣೆ ಅಂತ ತೋರಿಸುತ್ತದೆ.

ಈಗ ಆ ಚುಕ್ಕಿ. 300 ಡಿಪಿಐನಲ್ಲಿ ಒಂದು ಮಿಲಿಮೀಟರ್ ಅಂದರೆ ಸುಮಾರು 12 ಪಿಕ್ಸೆಲ್. 0.3 ಮಿ.ಮೀ. ಚುಕ್ಕಿ ಮೂರೂವರೆ ಪಿಕ್ಸೆಲ್ ಅಗಲ. ಗಾಜಿನ ಮೇಲಿನ ಧೂಳೂ ಅಷ್ಟೇ ಇರುತ್ತದೆ. ಸಣ್ಣ ಕಲೆಗಳನ್ನೆಲ್ಲ ಅಳಿಸಿದರೆ ಫಲಿತಾಂಶ ಚೊಕ್ಕವಾಗಿ ಕಾಣುತ್ತದೆ, ಚುಕ್ಕಿಯೂ ಹೋಗುತ್ತದೆ. ನಾನು ಯಾವುದನ್ನೂ ಅಳಿಸುವುದಿಲ್ಲ. ಅಂಕಿಗಳ ಪಕ್ಕದಲ್ಲಿರುವ ಸಣ್ಣ ಕಲೆಗಳು ಬದಲಾವಣೆಗಳ ಪಟ್ಟಿಯ ಮೊದಲಿಗೆ, ಖಾಲಿ ಜಾಗದಲ್ಲಿ ಒಂಟಿಯಾಗಿರುವವು ಕೊನೆಗೆ. ಒಂದು ಅಪಾಯ ಇದೆ: ಅಂಕಿಗೆ ತೀರಾ ಅಂಟಿಕೊಂಡ ಚುಕ್ಕಿಯನ್ನು ಆ ಎರಡು ಪಿಕ್ಸೆಲ್‌ನ ರಿಯಾಯಿತಿಯೇ ನುಂಗಬಹುದು. ರಿಯಾಯಿತಿ ಕಡಿಮೆ ಮಾಡಬೇಕೆಂದರೆ ಹಾಳೆಗಳು ಇನ್ನೂ ಚೆನ್ನಾಗಿ ಕೂರಬೇಕು. ಸಾಧ್ಯವಿದ್ದಾಗ 600 ಡಿಪಿಐನಲ್ಲೇ ಸ್ಕ್ಯಾನ್ ಮಾಡಿಸಿಕೊಳ್ಳುತ್ತೇನೆ.

ಎರಡು ಚಿತ್ರಗಳು ಎಷ್ಟು ಹೋಲುತ್ತವೆ ಅಂತ ಹೇಳುವ, ಪೂರ್ತಿ ಒಂದೇ ಇದ್ದರೆ 1 ಅಂಕ ಕೊಡುವ, 2004ರಲ್ಲಿ ಬಂದ ಎಸ್‌ಎಸ್‌ಐಎಂ ಅಳತೆಯನ್ನೂ ಪ್ರಯತ್ನಿಸಿದೆ. ಫೋಟೋಗಳಿಗೆ ಅದು ನನಗಿಷ್ಟ, ಬೆಳಕು ಸ್ವಲ್ಪ ಬದಲಾದರೂ ಕಂಗೆಡುವುದಿಲ್ಲ. ಆದರೆ ಬಹುಪಾಲು ಬಿಳಿಯಾಗಿರುವ ಹಾಳೆಯಲ್ಲಿ ಒಂದು ಅಂಕಿ ಬದಲಾದರೆ ಅಂಕ ಒಂದರ ಹತ್ತಿರವೇ ನಿಲ್ಲುತ್ತದೆ. ಆ ಒಟ್ಟು ಅಂಕವನ್ನು ನಂಬದೆ, ಎಲ್ಲೆಲ್ಲಿ ಎಷ್ಟು ಹೋಲಿಕೆ ಇದೆ ಅಂತ ಅದು ಕೊಡುವ ನಕ್ಷೆಯನ್ನು ನೋಡಬೇಕು. ಬಣ್ಣದ ಚಿತ್ರಗಳಾದರೆ ಬೂದು ಮಾಡುವ ಮೊದಲು ಯೋಚಿಸಿ. ಸಾಮಾನ್ಯವಾಗಿ ಬಳಸುವ ಸೂತ್ರದಲ್ಲಿ 255 ಬೆಲೆಯ ಶುದ್ಧ ಕೆಂಪೂ 130 ಬೆಲೆಯ ಶುದ್ಧ ಹಸಿರೂ 76 ಎಂಬ ಒಂದೇ ಬೂದು ಆಗುತ್ತವೆ. ಕೆಂಪು ಗೆರೆ ಹಸಿರಾಗಿದ್ದರೂ ಪ್ರೋಗ್ರಾಂಗೆ ತಿಳಿಯುವುದಿಲ್ಲ.

ಪ್ರೋಗ್ರಾಂ ತೋರಿಸಿದ ಪ್ರತಿ ಜಾಗವನ್ನೂ ಕೊನೆಗೆ ಕಣ್ಣಿನಿಂದ ನೋಡುತ್ತೇನೆ. ಒಂದು ಕೀ ಒತ್ತಿದಂತೆಲ್ಲ ಹಳೆಯದು, ಹೊಸದು ಅದೇ ಜಾಗದಲ್ಲಿ ಬದಲಾಗುತ್ತಾ ಬರುತ್ತವೆ. ಬದಲಾದದ್ದು ಮಾತ್ರ ಮಿಟುಕುತ್ತದೆ. 1930ರ ಫೆಬ್ರವರಿಯಲ್ಲಿ ಖಗೋಳವಿಜ್ಞಾನಿ ಕ್ಲೈಡ್ ಟಾಂಬಾ ಪ್ಲೂಟೊವನ್ನು ಕಂಡುಹಿಡಿದದ್ದೂ ಹೀಗೆಯೇ. ಜನವರಿ 23 ಮತ್ತು 29ರಂದು ತೆಗೆದ ಆಕಾಶದ ಎರಡು ಫೋಟೋ ಪ್ಲೇಟ್‌ಗಳನ್ನು ಬ್ಲಿಂಕ್ ಕಂಪ್ಯಾರೇಟರ್‌ನಲ್ಲಿ ಅದಲುಬದಲು ಮಾಡಿ ನೋಡುತ್ತಿದ್ದಾಗ ಜಾಗ ಬದಲಿಸಿದ ಬೆಳಕಿನ ಚುಕ್ಕಿಯೊಂದು ಅವರಿಗೆ ಕಂಡಿತು.

ಹೊಸ ಸ್ಕ್ಯಾನರ್‌ನಿಂದ ಫೈಲ್ ಬಂದರೆ ಮೊದಲು ಎರಡು ಪರೀಕ್ಷೆ ಮಾಡುತ್ತೇನೆ. ಒಂದೇ ಹಾಳೆಯನ್ನು ಎತ್ತಿ ಮತ್ತೆ ಇಟ್ಟು ಎರಡು ಸಲ ಸ್ಕ್ಯಾನ್ ಮಾಡಿಸಿ ಹೋಲಿಸುತ್ತೇನೆ. ಆಗ ಧೂಳು ಬಿಟ್ಟರೆ ಏನೂ ಬರಬಾರದು. ಆಮೇಲೆ ಆ ಹಾಳೆಯಲ್ಲಿ ಪೆನ್ನಿನಿಂದ ಎರಡು ಅಂಕಿಗಳ ನಡುವೆ ಚುಕ್ಕಿ ಇಟ್ಟು ಇನ್ನೊಮ್ಮೆ ಸ್ಕ್ಯಾನ್ ಮಾಡಿಸುತ್ತೇನೆ. ಅದು ಪಟ್ಟಿಯಲ್ಲಿ ಬರುವ ತನಕ ಮಿತಿಗಳನ್ನು ಸರಿಪಡಿಸುತ್ತೇನೆ.