ಅಸಿಸ್ಟೆಂಟಿಗೆ ಕನ್ಸೋಲ್ ಬೇಡ, ಅಂಗಳ ಕೊಡಿ: ಒಬ್ಬ ಮೆಹಂದಿ ಡಿಜೆಯ ಅನುಭವ

ಅಸಿಸ್ಟೆಂಟಿಗೆ ಒಂದು ಪ್ರೋಗ್ರಾಮಿಗೆ 1500 ಕೊಡ್ತೇನೆ ಅಂದಾಗ ಉಡುಪಿ ಕಡೆಯ ನಮ್ಮ ಡಿಜೆಗಳು ನಕ್ಕದ್ದೇ ನಕ್ಕದ್ದು. "ಸ್ಪೀಕರ್ ಬಾಕ್ಸ್ ಹೊರ್ಲಿಕ್ಕೆ 600ಕ್ಕೆ ಜನ ಸಿಗ್ತಾರೆ ಮಾರಾಯ. ಉಳಿದದ್ದು ಕೂಡಿಟ್ರೆ ಒಂದು ಸೀಸನ್ನಿಗೆ ಎರಡು ಶಾರ್ಪಿ (ತಿರುಗುವ ಬೀಮ್ ಲೈಟು) ಬರ್ತದೆ" ಅಂತ ಲೆಕ್ಕ ಹೇಳಿದವರೇ ಈಗ ಫೋನ್ ಮಾಡಿ, ಶನಿವಾರ ಒಂದು ದಿನ ಆ ಹುಡುಗನನ್ನು ಬಿಟ್ಟುಕೊಡ್ತೀಯಾ ಅಂತ ಕೇಳ್ತಾರೆ. ಬಿಟ್ಟುಕೊಡುವುದಿಲ್ಲ. ಬೇಕಾದರೆ ನಾನು ಮಾಡಿದ್ದು ಹೇಗೆ ಅಂತ ಬರೆದುಕೊಡ್ತೇನೆ, ನೀವೇ ಒಬ್ಬನನ್ನು ತಯಾರು ಮಾಡಿಕೊಳ್ಳಿ.

ನನ್ನದು ದೊಡ್ಡ ಸೆಟಪ್ಪೇನಲ್ಲ. 15 ಇಂಚಿನ ಎರಡು ಟಾಪ್ (ಹಾಡು, ಮಾತು ಕೇಳಿಸುವ ಬಾಕ್ಸ್), 18ರ ಎರಡು ಸಬ್ (ಬಾಸ್ ಕೊಡುವ ಬಾಕ್ಸ್), ಕಂಟ್ರೋಲರ್, ಲ್ಯಾಪ್‌ಟಾಪ್, ಎರಡು ಕಾರ್ಡ್‌ಲೆಸ್ ಮೈಕ್, ನಾಲ್ಕು ಶಾರ್ಪಿ, ಒಂದಷ್ಟು ಪಾರ್ ಲೈಟು. ಮೆಹಂದಿ, ರೋಸ್ (ಕ್ರಿಶ್ಚಿಯನ್ನರ ಮದುವೆಗೆ ಮುಂಚಿನ ಶಾಸ್ತ್ರ), ರಿಸೆಪ್ಶನ್ ಮಾಡ್ತೇನೆ. ಆಟಿ ತಿಂಗಳಲ್ಲಿ ಮದುವೆ ಇಲ್ಲ, ತಪಸ್ಸುಕಾಲದಲ್ಲಿ ಕ್ರಿಶ್ಚಿಯನ್ನರ ಪ್ರೋಗ್ರಾಮ್ ಇಲ್ಲ, ಜೂನ್ ಬಂದರೆ ಮಳೆ. ದುಡಿಯುವ ನಾಲ್ಕೈದು ತಿಂಗಳಲ್ಲಿ ಒಂದು ರಾತ್ರಿ ಕೆಟ್ಟರೂ ಅದರ ಸುದ್ದಿ ಮುಂದಿನ ಮದುವೆ ಮನೆಗೆ ನಮಗಿಂತ ಮೊದಲು ತಲುಪಿರ್ತದೆ.

ಈ ಹುಡುಗನಿಗಿಂತ ಮೊದಲು ಬಂದವರ ಕಥೆ ಕೇಳಿ. ಮೊದಲಿನವ ಸಂಬಂಧಿಕರ ಹುಡುಗ, ಊಟ ಕೊಟ್ಟರೆ ಸಾಕು ಅಂತ ಬಂದವ. ಬಾಕ್ಸ್ ಇಳಿಸಿದ ಮೇಲೆ ಕನ್ಸೋಲಿನ ಪಕ್ಕದಲ್ಲೇ ನಿಂತು ರೀಲ್ಸ್ ಮಾಡ್ತಿದ್ದ. ಯಾರಾದರೂ ಹಾಡು ಕೇಳಿದರೆ, ನಾನು ಹೆಡ್‌ಫೋನಿನಲ್ಲಿ ಮುಂದಿನ ಟ್ರ್ಯಾಕ್ ಹೊಂದಿಸ್ತಿರುವಾಗ ಇನ್ನೊಂದು ಕಿವಿಗೆ ಬಂದು ಬೊಬ್ಬೆ ಹಾಕುವುದು. ಎರಡನೆಯವನಿಗೆ ಡಿಜೆ ಕಲಿಯುವ ಆಸೆ. ಬುದ್ಧಿವಂತನೇ, ಸುಳ್ಳು ಹೇಳಬಾರದು. ಆದರೆ ಕಣ್ಣು ಯಾವಾಗಲೂ ಕಂಟ್ರೋಲರ್ ಮೇಲೆ. ಪ್ಯಾಕಪ್ ಹೊತ್ತಿಗೆ ಅವಸರದಲ್ಲಿ ಬಾಕ್ಸ್ ಆನ್ ಇರುವಾಗಲೇ ಮಿಕ್ಸರ್ ಆಫ್ ಮಾಡಿದ. 'ಟಪ್' ಅಂತ ಒಂದು ಶಬ್ದ, ಎರಡೂ ಟಾಪಿನ ಒಳಗೆ ಶಬ್ದ ಹುಟ್ಟಿಸುವ ಡಯಾಫ್ರಮ್ ಹೋಯಿತು, ಸರ್ವೀಸ್ ಸೇರಿ ಏಳು ಸಾವಿರದ ಹತ್ತಿರ. ಆಮೇಲೆ ಪಿಕಪ್ಪಿನ ಡ್ರೈವರನಿಗೇ 500 ಜಾಸ್ತಿ ಕೊಟ್ಟು ನೋಡಿದೆ. ಅವ ಕ್ಯಾಬಿನ್ನಲ್ಲಿ ನಿದ್ದೆ. ಅವನದ್ದೂ ತಪ್ಪಲ್ಲ, ಬೆಳಿಗ್ಗೆ ಆರಕ್ಕೆ ಮೀನಿನ ಬಾಡಿಗೆ ಇರ್ತಿತ್ತು.

ಈಗಿನ ಹುಡುಗ ಯಕ್ಷಗಾನ ಮೇಳದ ಲೈಟಿನವರ ಜೊತೆ ಎರಡು ತಿರುಗಾಟ ಮಾಡಿದವ. ಬಿಪಿಎಂ (ಹಾಡಿನಲ್ಲಿ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ) ಅಂದರೆ ಎಂತ ಅಂತ ಇವತ್ತಿಗೂ ಅವನಿಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆದರೆ ಮೊದಲ ದಿನ ವ್ಯಾನಿನಿಂದ ಇಳಿದವ ಬಾಕ್ಸ್ ಮುಟ್ಟದೆ ಸೀದಾ ಮನೆಯ ಮೀಟರ್ ಬೋರ್ಡಿನ ಹತ್ತಿರ ಹೋದ. ಸಿಂಗಲ್ ಫೇಸ್. ಅದರಲ್ಲೇ ಬಾವಿಯ ಪಂಪ್, ಅಡುಗೆಯವರ ಗ್ರೈಂಡರ್, ಮನೆ ತುಂಬ ಸೀರಿಯಲ್ ಲೈಟು. "ಅಣ್ಣ, ಎಂಟು ಗಂಟೆಗೆ ಇಲ್ಲಿ ಕರೆಂಟ್ ಇದ್ದೂ ಇಲ್ಲದ ಹಾಗೆ ಆಗ್ತದೆ" ಅಂದ. ಎಂಟಕ್ಕೆ ಮೀಟರ್ ಹಿಡಿದು ನೋಡಿದರೆ 180 ವೋಲ್ಟ್ ಆಸುಪಾಸು. ಅಷ್ಟು ಹೊತ್ತಿಗೆ ಅವ ಶಾಮಿಯಾನದವರ ಜನರೇಟರಿನಿಂದ ನಮಗೆ ಬೇರೆ ವಯರ್ ಎಳೆದಾಗಿತ್ತು. ನಾನು ಇವನನ್ನು ಬಿಡುವುದಿಲ್ಲ ಅಂತ ಆವತ್ತೇ ನಿಶ್ಚಯ ಮಾಡಿದೆ.

ಈಗ ಕರೆಂಟ್ ಪೂರ್ತಿ ಅವನ ಜವಾಬ್ದಾರಿ. ಮಿಕ್ಸರ್, ಲ್ಯಾಪ್‌ಟಾಪ್, ಬಾಕ್ಸ್ ಎಲ್ಲ ಒಂದೇ ಪಾಯಿಂಟಿನಿಂದ; ಲೈಟಿಗೆ ಬೇರೆ ಲೈನ್. ಲ್ಯಾಪ್‌ಟಾಪ್ ಚಾರ್ಜರ್ ಹಾಕಿದ ಕೂಡಲೇ 'ಗುಂಯ್' ಅನ್ನುವುದಕ್ಕೆ ಡಿಐ ಬಾಕ್ಸ್ ಅಂತ ಒಂದು ಸಣ್ಣ ಡಬ್ಬ ಉಂಟು, ಆದರೆ ಹೀಗೆ ಎಳೆದ ಮೇಲೆ ಅದನ್ನು ಚೀಲದಿಂದ ತೆಗೆಯುವುದೇ ಅಪರೂಪ. ಉದ್ದ ಎಳೆಯುವುದಕ್ಕೆ 2.5 ಸ್ಕ್ವೇರ್ ಎಂಎಂ ವಯರ್ ಬೇಕೇ ಬೇಕು ಅಂತ ಹಟ ಹಿಡಿದವನೂ ಅವನೇ. ಆವತ್ತು ಆ ಕಾಸು ನನಗೆ ದಂಡ ಅಂತ ಕಂಡಿತ್ತು.

ಪ್ರೋಗ್ರಾಮ್ ಶುರುವಾದ ಮೇಲೆ ಅವ ನನ್ನ ಹತ್ತಿರ ಸುಳಿಯಬಾರದು. ಜನ ನಂಬದೆ ಇದ್ದದ್ದು ಇದನ್ನೇ. ಅವನ ಜಾಗ ಅಂಗಳದ ಹಿಂದೆ, ಐಸ್‌ಕ್ರೀಮ್ ಮೇಜು ಮತ್ತು ಅಜ್ಜ ಅಜ್ಜಿಯರ ಕುರ್ಚಿಗಳ ನಡುವೆ. ಬಾಕ್ಸಿನ ಹಿಂದೆ ನಿಂತ ನನಗೆ ಅಂಗಳದ ಕೊನೆಯಲ್ಲಿ ಎಂತ ಕೇಳ್ತದೆ ಅಂತ ಹೇಗೆ ಗೊತ್ತಾಗಬೇಕು? ಶೀಟು ಹಾಕಿದ ಮನೆಯಾದರೆ ಬಾಸ್ ಅಲ್ಲಿ ಹೋಗಿ ಗುಡುಗ್ತಿರ್ತದೆ. ಅಜ್ಜಿ ಎದ್ದು ಒಳಗೆ ಹೋದರೆ ಸಬ್ ಇಳಿಸಬೇಕು. ಹೆಂಗಸರು ಕುರ್ಚಿ ತಿರುಗಿಸಿ ಮಾತಿಗೆ ಕೂತರೆ ಹಾಡು ಬದಲಾಗಬೇಕು. ಬೈಲಾ (ಕುಣಿಸುವ ಕೊಂಕಣಿ ಹಾಡು) ಹಾಕಿದರೆ ಅರ್ಧ ಜನ ವಾಪಸ್ ಬರ್ತಾರೆ. ಕುಣಿಯುವ ಹುಡುಗರನ್ನು ನಾನು ನೋಡ್ತೇನೆ, ಕುಣಿಯದೆ ಕೂತವರನ್ನು ಅವ ನೋಡ್ತಾನೆ. ಮುಂದಿನ ಬುಕ್ಕಿಂಗ್ ಬರುವುದು ಕೂತವರಿಂದ ಅಂತ ಮಾತ್ರ ನೆನಪಿಡಿ.

ಹಿಂದಿನಿಂದ ಸುದ್ದಿ ಮುಟ್ಟಿಸುವುದು ಹೇಗೆ? ವಾಕಿಟಾಕಿ ತಂದೆವು, ಸಬ್ ಎದುರು ಒಂದಕ್ಷರ ಕೇಳಲಿಲ್ಲ. ಟಾರ್ಚಿನಲ್ಲಿ ಸನ್ನೆ ಮಾಡಿದರೆ ಶಾರ್ಪಿಯ ನಡುವೆ ಕಾಣಲಿಲ್ಲ, ಒಬ್ಬರು ಮಾವ ಅದೂ ಲೈಟ್ ಶೋ ಅಂತ ಚಪ್ಪಾಳೆ ತಟ್ಟಿದರು. ಕೊನೆಗೆ ಎರಡು ಸಾವಿರದೊಳಗಿನ ಒಂದು ಸ್ಮಾರ್ಟ್‌ವಾಚ್ ನನ್ನ ಕೈಗೆ. ಅವ ಮಿಸ್ಡ್ ಕಾಲ್ ಕೊಟ್ಟರೆ ಕೈ ನಡುಗ್ತದೆ. ಎಷ್ಟು ಸಲ ನಡುಗಿದರೆ ಎಂತ ಅನ್ನುವುದು ನಮ್ಮಿಬ್ಬರಲ್ಲೇ ಇರಲಿ.

ಹಾಡು ಕೇಳುವವರಿಗೆ ಅಂತ ನಡುವೆ ಒಂದು ಕ್ಯೂಆರ್ ಕೋಡ್ ಪ್ರಿಂಟ್ ಮಾಡಿ ಕಂಬಕ್ಕೆ ಅಂಟಿಸಿದ್ದೂ ಉಂಟು. ಒಬ್ಬನೇ ಹುಡುಗ ಒಂದೇ ಹಾಡನ್ನು ಇಪ್ಪತ್ತು ಸಲ ಕಳಿಸಿದ. ಕಿತ್ತು ಬಿಸಾಡಿದೆವು. ಈಗ ಎಲ್ಲ ರಿಕ್ವೆಸ್ಟ್ ನಮ್ಮ ಹುಡುಗನ ಕಿವಿಗೆ, ಅವನಿಂದ ವಾಟ್ಸಾಪಿನಲ್ಲಿ ನನ್ನ ಲ್ಯಾಪ್‌ಟಾಪಿಗೆ. ಹತ್ತರಲ್ಲಿ ಏಳು ನನ್ನ ತನಕ ಬರುವುದೇ ಇಲ್ಲ. ಕುಡಿದು ಮೈಕ್ ಕೇಳುವವರು ಬಂದರೆ "ಬನ್ನಿ ಮಾವ" ಅಂತ ಹೆಗಲಿಗೆ ಕೈ ಹಾಕಿ ಕರ್ಕೊಂಡು ಹೋಗ್ತಾನೆ. ಆಮೇಲೆ ಎಂತ ಹೇಳ್ತಾನೆ ಅಂತ ನನಗೆ ಗೊತ್ತುಂಟು, ಬರೆಯುವುದಿಲ್ಲ. ಆ ಮಾವ ಮತ್ತೆ ಬರುವುದಿಲ್ಲ, ಜಗಳವೂ ಇಲ್ಲ.

ಕಿವಿಯ ವಿಷಯದಲ್ಲಿ ಮಾತ್ರ ತಮಾಷೆ ಬೇಡ. 85 ಡೆಸಿಬೆಲ್ ಎಂಟು ಗಂಟೆ ತಡೆಯಬಹುದು ಅನ್ನುವ ಲೆಕ್ಕದಲ್ಲಿ 100 ಡೆಸಿಬೆಲ್ ಆದರೆ ಕಾಲು ಗಂಟೆ. ಸೌಂಡ್‌ಚೆಕ್ಕಿಗೆ ಬಾಕ್ಸಿನ ಎದುರು ನಿಲ್ಲುವವ ಅವನೇ, ಹಾಗಾಗಿ ಇಯರ್‌ಪ್ಲಗ್ ಹಾಕದಿದ್ದರೆ ಆ ದಿನದ ಸಂಬಳದಲ್ಲಿ 100 ರೂಪಾಯಿ ಕಟ್.

ರಾತ್ರಿ 10ರ ಗಲಾಟೆ ಎಲ್ಲರಿಗೂ ಗೊತ್ತಿದ್ದದ್ದೇ. 2000ದ ಶಬ್ದಮಾಲಿನ್ಯ ನಿಯಮದಲ್ಲಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಇಲ್ಲ. ಮನೆಗಳಿರುವ ಕಡೆ ಹಗಲಿಗೇ 55 ಡೆಸಿಬೆಲ್ ಅಂತ ಉಂಟು, ನಮ್ಮ ಸಬ್ ಅದನ್ನು ಟೆಸ್ಟಿಂಗಿನಲ್ಲೇ ದಾಟ್ತದೆ, ಅದು ಬಿಡಿ. ಒಂಬತ್ತೂವರೆಗೆ ನಮ್ಮ ಹುಡುಗ ಮನೆಯ ಯಜಮಾನರಿಗೆ ಒಂದು ಮಾತು ಹಾಕ್ತಾನೆ. "ಇನ್ನೊಂದು ಹಾಡು" ಅಂತ ಗಂಟೆ ಹನ್ನೊಂದು ಮಾಡುವವರು ಅವನ ಹತ್ತಿರವೇ ವಾದ ಮಾಡ್ತಾರೆ. ಅಷ್ಟರಲ್ಲಿ ನಾನು ಇಲ್ಲಿ ಬಾಕ್ಸ್ ಆಫ್ ಮಾಡಿರ್ತೇನೆ.

ಬಾಕಿ ದುಡ್ಡು ವಸೂಲಿಯೂ ಅವನದ್ದೇ, ಒಂಬತ್ತೂಕಾಲಿಗೆ, ಮನೆಯವರು ಊಟಕ್ಕೆ ಕೂರುವ ಮೊದಲು. ಮದುವೆ ಮನೆಯಲ್ಲಿ ದುಡ್ಡಿನ ಚೀಲ ಯಾರ ಕಂಕುಳಲ್ಲಿ ಉಂಟು ಅಂತ ಬಾಕ್ಸ್ ಇಳಿಸುವಾಗಲೇ ಪತ್ತೆ ಮಾಡಿಟ್ಟಿರ್ತಾನೆ. ಹೆಚ್ಚಾಗಿ ಹುಡುಗಿಯ ಸೋದರಮಾವ. ಪೂರ್ತಿ ಬಂದರೆ ಅವನಿಗೆ 300 ಮೇಲೆ. ಮುಂಚೆ ಸೀಸನ್ ಮುಗಿಯುವಾಗ 60-70 ಸಾವಿರ ಹೊರಗೆ ಇರ್ತಿತ್ತು, "ನಾಳೆ ಗೂಗಲ್ ಪೇ ಮಾಡ್ತೇನೆ" ಅಂದವರ ನಾಳೆ ಇನ್ನೂ ಬಂದಿಲ್ಲ. ಕಳೆದ ಸೀಸನ್ನಿನಲ್ಲಿ ಬಾಕಿ ಐದು ಸಾವಿರ ಇರಬಹುದು, ಅದೂ ನನ್ನ ಭಾವನದ್ದು.

ಪ್ಯಾಕಪ್ಪಿನಲ್ಲಿ ಒಂದೇ ಮಾತು. ಶಾರ್ಪಿಯ ಬಲ್ಬ್ ಆಫ್ ಮಾಡಿ ಹತ್ತು ನಿಮಿಷ ಫ್ಯಾನ್ ತಿರುಗಲಿಕ್ಕೆ ಬಿಡಬೇಕು. ಬಿಸಿ ಇರುವಾಗಲೇ ಪ್ಲಗ್ ಕಿತ್ತು ಕೇಸಿಗೆ ತುಂಬುವವರು ಆಮೇಲೆ ಬಲ್ಬಿನ ಕ್ವಾಲಿಟಿಗೆ ಬೈತಾರೆ. ಆ ಹತ್ತು ನಿಮಿಷದಲ್ಲಿ ನಮ್ಮ ಹುಡುಗ ಕೇಬಲ್ ಪೂರ್ತಿ ಸುತ್ತಿ ಮುಗಿಸ್ತಾನೆ.

ಲೆಕ್ಕ ಹೇಳಬೇಕಾದರೆ, ಮುಂಚೆ ಲೈಟು ಸೇರಿ 18 ಸಾವಿರಕ್ಕೆ ಹೋಗ್ತಿದ್ದೆ, ಈಗ 24ಕ್ಕೆ ಕಡಿಮೆ ಇಲ್ಲ. ಬುಕ್ಕಿಂಗ್ ಮಾಡುವವರು "ಆ ಹುಡುಗ ಬರ್ತಾನಲ್ಲ?" ಅಂತ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ತಾರೆ. ಸ್ವಲ್ಪ ಹೊಟ್ಟೆಕಿಚ್ಚಾಗ್ತದೆ, ಡಿಜೆ ನಾನಲ್ವಾ? ನವೆಂಬರಿನಿಂದ ಅವನಿಗೆ 2000 ಮಾಡಿದ್ದೇನೆ. ಶಾರ್ಪಿ ಇನ್ನೂ ನಾಲ್ಕೇ ಉಂಟು.