ಕಿರಿದಾದ ರಕ್ತನಾಳದಾಚೆಗೆ ರಕ್ತ ತಲುಪುತ್ತಿದೆಯೇ?

ಮಿದುಳಿನ ಅಪಧಮನಿ ಎಷ್ಟು ಕಿರಿದಾಗಿದೆ ಎಂಬುದನ್ನು ಆಂಜಿಯೋಗ್ರಾಮ್ ತೋರಿಸುತ್ತದೆ. ಅದರಾಚೆಯ ಭಾಗಕ್ಕೆ ಸಾಕಷ್ಟು ರಕ್ತ ಸಿಗುತ್ತಿದೆಯೇ ಎಂಬುದನ್ನು ಅದೊಂದರಿಂದಲೇ ಹೇಳಲಾಗದು. ಒಂದೇ ಪ್ರಮಾಣದಲ್ಲಿ ನಾಳ ಕಟ್ಟಿಕೊಂಡಿದ್ದರೂ, ಅಕ್ಕಪಕ್ಕದ ನಾಳಗಳಿಂದ ರಕ್ತ ಬಳಸಿ ಬರುತ್ತಿರುವವರ ಸ್ಥಿತಿ ಬೇರೆ, ಆ ಆಸರೆ ಇಲ್ಲದವರ ಸ್ಥಿತಿ ಬೇರೆ. ಆದ್ದರಿಂದ ರೇಡಿಯಾಲಜಿಸ್ಟ್ ಆಗಿ ನಾನು ಈ ಎರಡು ಪ್ರಶ್ನೆಗಳನ್ನು ಪ್ರತ್ಯೇಕವಾಗಿಯೇ ನೋಡುತ್ತೇನೆ.

ಎದ್ದು ನಿಂತಾಗ ಬಲಗೈ ಸೋತು, ಮಲಗಿದರೆ ಸರಿಹೋಗುತ್ತಿದ್ದ ರೋಗಿಯೊಬ್ಬರ ಮಿದುಳಿನ ಎಡಭಾಗದ ಮುಖ್ಯ ನಾಳಗಳಲ್ಲೊಂದಾದ ಮಿಡಲ್ ಸೆರೆಬ್ರಲ್ ಅಪಧಮನಿ ಕಿರಿದಾಗಿತ್ತು (ಬಲಗೈಯನ್ನು ನಿಯಂತ್ರಿಸುವುದು ಮಿದುಳಿನ ಎಡಭಾಗ). ನಾಳಗಳು ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಚುಚ್ಚುಮದ್ದಿನ ಅಗತ್ಯವಿಲ್ಲದ ಎಎಸ್‌ಎಲ್ (ಆರ್ಟೀರಿಯಲ್ ಸ್ಪಿನ್ ಲೇಬಲಿಂಗ್) ಎಂಆರ್‌ಐ ವಿಧಾನವನ್ನೇ ಮೊದಲು ಆರಿಸಿಕೊಂಡೆ. ಇದರಲ್ಲಿ ಕುತ್ತಿಗೆಯ ಬಳಿ ಹರಿಯುವ ರಕ್ತಕ್ಕೆ ಕಾಂತೀಯ ಗುರುತು ಹಾಕಿ, ಸುಮಾರು 2 ಸೆಕೆಂಡು ಕಾದು ಮಿದುಳಿನ ಚಿತ್ರ ತೆಗೆಯುತ್ತೇವೆ. ನಾಳ ಕಿರಿದಾಗಿದ್ದರೆ ಆ ರಕ್ತ ತಡವಾಗಿ ಬರುತ್ತದೆ. ಚಿತ್ರ ತೆಗೆಯುವ ಹೊತ್ತಿಗೆ ಅದಿನ್ನೂ ನಾಳದಲ್ಲೇ ಇರುವುದರಿಂದ ಮಿದುಳಿನ ಮೇಲ್ಮೈಯಲ್ಲಿ ಎರೆಹುಳುವಿನಂತಹ ಹೊಳೆಯುವ ಗೆರೆಗಳೂ ಅವುಗಳ ಕೆಳಗೆ ಕಪ್ಪು ಪ್ರದೇಶವೂ ಕಾಣುತ್ತವೆ. ಈ ಕಪ್ಪನ್ನು ಕಂಡೊಡನೆ ಅಲ್ಲಿ ರಕ್ತವೇ ಇಲ್ಲವೆಂದು ತೀರ್ಮಾನಿಸಬಾರದು. ಕಾಯುವ ಅವಧಿಯನ್ನು 3 ಸೆಕೆಂಡಿಗೆ ಹೆಚ್ಚಿಸಿ ಮತ್ತೆ ತೆಗೆದಾಗ ಆ ಪ್ರದೇಶದ ಬಹುಪಾಲು ತುಂಬಿಕೊಂಡಿತು, ಅಂದರೆ ರಕ್ತ ನಿಧಾನವಾಗಿಯಾದರೂ ಬರುತ್ತಿತ್ತು. ಗುರುತು ಕ್ಷಣಕ್ಷಣಕ್ಕೂ ಮಾಸುವುದರಿಂದ ಅದಕ್ಕಿಂತ ಬಹಳ ಹೊತ್ತು ಕಾಯುವಂತಿಲ್ಲ.

ಅಗತ್ಯ ಬಿದ್ದಾಗ ಹೆಚ್ಚುವರಿ ರಕ್ತ ಹರಿಸುವ ಶಕ್ತಿ ಉಳಿದಿದೆಯೇ ಎಂದು ತಿಳಿಯಲು, ಮಿದುಳಿನ ನಾಳಗಳನ್ನು ಹಿಗ್ಗಿಸುವ ಔಷಧಿಯಾದ ಅಸೆಟಝೋಲಮೈಡ್ ಅನ್ನು 1 ಗ್ರಾಂನಷ್ಟು ರಕ್ತನಾಳಕ್ಕೆ ನೀಡಿ, ಸುಮಾರು 15 ನಿಮಿಷಗಳ ನಂತರ ಪುನಃ ಚಿತ್ರ ತೆಗೆದೆ. ಸಲ್ಫಾ ಅಲರ್ಜಿ ಮತ್ತು ಮೂತ್ರಪಿಂಡದ ತೊಂದರೆಯ ಬಗ್ಗೆ ಮೊದಲೇ ವಿಚಾರಿಸಿದ್ದೆ. ಬೆರಳುಗಳಲ್ಲಿ, ತುಟಿಯ ಸುತ್ತ ಜುಮುಜುಮು ಎನ್ನಬಹುದೆಂದೂ ಹೇಳಿದ್ದೆ. ಈಗಾಗಲೇ ಕೈ ಸೋತು ಹೆದರಿರುವವರಿಗೆ ಈ ಮಾತು ತಿಳಿಸದೆ ಔಷಧಿ ಕೊಡುವುದು ಸರಿಯಲ್ಲ. ಔಷಧಿಯಿಂದ ಆರೋಗ್ಯವಂತ ನಾಳಗಳು ಹಿಗ್ಗಿ ಬಲಭಾಗದಲ್ಲಿ ರಕ್ತಪ್ರವಾಹ ಹೆಚ್ಚಿತು. ಎಡಭಾಗದ ಸಣ್ಣ ನಾಳಗಳು ಮೊದಲೇ ಪೂರ್ತಿ ಹಿಗ್ಗಿದ್ದವು. ಹಿಗ್ಗಿದ ಆರೋಗ್ಯವಂತ ನಾಳಗಳತ್ತ ರಕ್ತ ಸರಿದು, ಅಲ್ಲಿ ಪ್ರವಾಹ ಏರುವ ಬದಲು ಇಳಿಯಿತು.

ವರದಿಯ ಮೊದಲ ಸಾಲಿನಲ್ಲಿ ನಾನು ಬರೆದದ್ದು ಈ ಇಳಿಕೆಯನ್ನೇ. ಕಿರಿದಾದ ಪ್ರಮಾಣ ಅದರ ನಂತರ ಬಂತು. ಅದನ್ನು ಓದಿದ ನರರೋಗ ತಜ್ಞರು, ರಕ್ತದೊತ್ತಡ ಒಮ್ಮೆಲೇ ಕುಸಿಯದಂತೆ ಅದರ ಮಾತ್ರೆಗಳ ಪ್ರಮಾಣವನ್ನು ಹೊಂದಿಸಿ, ಆಸ್ಪಿರಿನ್ ಮತ್ತು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮುಂದುವರಿಸಿದರು.