ಪಂದ್ಯಾವಳಿಯ ಪುಕ್ಕಟೆ ದುಡಿಮೆಗೆ ತಾಸಿನ ಲೆಕ್ಕ: ನನ್ನ ಅನುಭವ

ಯುವಕ ಮಂಡಳದವರು ಪಂದ್ಯಾವಳಿಗೆ ಪುಕ್ಕಟೆ ದುಡಿಯುವುದನ್ನು ತಾಸಿನಲ್ಲಿ ಅಳೆಯಲಿಕ್ಕೆ ಸಾಧ್ಯವೇ ಇಲ್ಲ ಎಂದು ನಕ್ಕವರೇ ಈಗ ನನ್ನ ಲೆಕ್ಕದ ಹಾಳೆಯ ಜೆರಾಕ್ಸ್ ಕೇಳುತ್ತಿದ್ದಾರೆ. ಅಂಕೋಲಾ, ಕುಮಟಾ ಕಡೆಯ ಆರೇಳು ಮಂಡಳಗಳಲ್ಲಿ ಒಂದೆರಡು ಹಂಗಾಮು ಹೆಣಗಾಡಿದ ಮೇಲೆ ಕೈಗೆ ಹತ್ತಿದ ಪದ್ಧತಿ ಇದು. ಪಂದ್ಯಾವಳಿ ನಡೆಸಿ ಗೊತ್ತಿದ್ದವರಿಗಷ್ಟೇ ಬರೆಯುತ್ತಿದ್ದೇನೆ.

ಮೊದಲು ವಾಟ್ಸಾಪಿನಲ್ಲಿ ಗೂಗಲ್ ಫಾರ್ಮ್ ಬಿಟ್ಟೆ. 'ಕಳೆದ ನಾಲ್ಕು ವಾರದಲ್ಲಿ ಆಟೋಟಕ್ಕಾಗಿ ಸಂಬಳವಿಲ್ಲದೆ ಎಷ್ಟು ತಾಸು ಕೆಲಸ ಮಾಡಿದಿರಿ?' ಹತ್ತರಲ್ಲಿ ಎಂಟು ಮಂದಿ ತೆರೆದೇ ನೋಡಲಿಲ್ಲ. ತುಂಬಿದವರೆಲ್ಲ ಪದಾಧಿಕಾರಿಗಳು. ಒಬ್ಬ ಅಧ್ಯಕ್ಷರು ವಾರಕ್ಕೆ ನಲವತ್ತು ತಾಸು ಬರೆದಿದ್ದರು. ಅಷ್ಟು ದುಡಿದಿದ್ದರೆ ಅವರ ಅಂಗಡಿಯ ಬಾಗಿಲು ಯಾವತ್ತೋ ಮುಚ್ಚಬೇಕಿತ್ತು. ಆಮೇಲೆ ಗೇಟಿನಲ್ಲಿ ಹಾಜರಿ ಪುಸ್ತಕ ಇಟ್ಟೆ. ಅಚ್ಚು ಹಾಕಿಸಲು ಮೂರು-ನಾಲ್ಕು ಸಾವಿರ ಹೋಯಿತು. ಸಹಿ ಬಿದ್ದದ್ದು ಚಾ ಬರುವ ಹೊತ್ತಿಗೆ ಮಾತ್ರ. ರಾತ್ರಿ ಎರಡಕ್ಕೆ ವೈರ್ ಸುತ್ತುವವನು ಪೆನ್ನು ಎಲ್ಲಿ ಹುಡುಕುತ್ತಾನೆ?

ಫಾರ್ಮಿನಲ್ಲಿ ಕೇಳಿದ ನಾಲ್ಕು ವಾರದ ಅವಧಿ, ಸ್ವಯಂಸೇವೆ ಅಳೆಯಲು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ತಂದ 2011ರ ಕೈಪಿಡಿಯದ್ದು. ನಮ್ಮ ಕರಾವಳಿಗೆ ಅದು ಹೊಂದುವುದಿಲ್ಲ. ಭತ್ತ ಕೊಯ್ದ ಗದ್ದೆಯಲ್ಲೇ ನಮ್ಮ ವಾಲಿಬಾಲ್ ಕೋರ್ಟು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಟ್ರಾಲ್ ಬೋಟಿನವರೆಲ್ಲ ಮನೆಯಲ್ಲೇ ಇರುತ್ತಾರೆ, ಆದರೆ ಗದ್ದೆಯಲ್ಲಿ ಮೊಳಕಾಲು ನೀರು. ಜುಲೈಯಲ್ಲಿ ಕೇಳಿದರೆ ಸೊನ್ನೆ, ಫೆಬ್ರವರಿಯಲ್ಲಿ ಕೇಳಿದರೆ ಇಡೀ ಊರೇ ಸ್ವಯಂಸೇವಕರು. ಇಂಗ್ಲೆಂಡಿನ ಆ್ಯಕ್ಟಿವ್ ಲೈವ್ಸ್ ಎಂಬ ಆಟೋಟದ ಸಮೀಕ್ಷೆ ಹನ್ನೆರಡು ತಿಂಗಳಲ್ಲಿ ಪುಕ್ಕಟೆ ಕೈಹಚ್ಚಿದವರನ್ನು ಎಣಿಸುತ್ತದೆ. ತಲೆ ಎಣಿಸಲು ಅದು ಒಳ್ಳೆಯದೇ, ತಾಸು ಸಿಗುವುದಿಲ್ಲ.

ಕೊನೆಗೆ ಒಂದೊಂದೇ ಕೆಲಸದ ಹೆಸರು ಹಿಡಿದು ಕೇಳಿದೆ. ಫೈನಲ್ ಮುಗಿದ ಮಾರನೇ ದಿನ, ತಪ್ಪಿದರೆ ಅದರ ಮರುದಿನ, ಹಾಳೆ ಹಿಡಿದು ಮನೆಗೇ ಹೋಗುವುದು. ಗದ್ದೆಯ ಅಂಚು ಸಮ ಮಾಡಿದ್ದು, ಸುಣ್ಣದ ಗೆರೆ, ನೆಟ್ಟಿನ ಕಂಬ, ನೀರಿನ ಡ್ರಮ್ಮು, ಪ್ರವೇಶ ಫೀ, ಸ್ಕೋರು, ಮೈಕು, ಅಡುಗೆ, ಚಪ್ಪರ ಬಿಚ್ಚಿದ್ದು, ಹೀಗೆ ಇಪ್ಪತ್ತರ ಆಸುಪಾಸು ಸಾಲು. ಗಡಿಯಾರದ ಹೊತ್ತು ಕೇಳುವುದಿಲ್ಲ. 'ಸೆಮಿಫೈನಲ್ಲಿಗೆ ಮೊದಲೋ, ಆಮೇಲೋ?' ಎಂದು ಕೇಳಿ ನಾನೇ ಹಾಳೆಯ ಅರ್ಧ ತಾಸಿನ ಚೌಕಗಳಲ್ಲಿ ತುಂಬುತ್ತೇನೆ. ಅರ್ಧ ತಾಸಿನ ಚೌಕ ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಿಂದ ಎತ್ತಿದ್ದು. ಅವರು ಒಂದು ದಿನದ್ದು ಮಾತ್ರ ಕೇಳುತ್ತಾರೆ, ಆ ದಿನ ನಿಮ್ಮೂರಲ್ಲಿ ಪಂದ್ಯ ಇದ್ದರೆ ಪುಣ್ಯ.

ಅಡುಗೆಮನೆಯ ಕಡೆ ಹೋದಾಗಲೇ ಲೆಕ್ಕ ತಿರುಗಿದ್ದು. "ನಾವೆಂಥ ಮಾಡಿದ್ವಿ ಮಾಸ್ತರ್ರೇ, ಬರೀ ಚಾ-ಅವಲಕ್ಕಿ" ಅಂದ ಹೆಂಗಸರ ತಾಸು ಕೂಡಿಸಿದರೆ ಒಟ್ಟಿನ ಮೂರರಲ್ಲೊಂದು ಪಾಲು! ಮಂಡಳದ ವರದಿಯಲ್ಲಿ ಅವರ ಹೆಸರೇ ಇರಲಿಲ್ಲ.

ಅಂಪೈರುಗಳದ್ದು ದೊಡ್ಡ ತಕರಾರು. ಪೆಟ್ರೋಲ್ ದುಡ್ಡು ತಗೊಂಡವರನ್ನು ಎಣಿಸಬೇಕೋ ಬೇಡವೋ? ಕಾರ್ಮಿಕ ಅಂಕಿಸಂಖ್ಯಾತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದ 2013ರ ನಿರ್ಣಯದಂತೆ, ಕೈಗೆ ಕೊಟ್ಟದ್ದು ಸ್ಥಳೀಯ ಕೂಲಿಯ ಮೂರನೇ ಒಂದಕ್ಕಿಂತ ಕಡಿಮೆ ಇದ್ದರೆ ಅದು ಸ್ವಯಂಸೇವೆಯೇ. ಇಲ್ಲಿಯ ದಿನಗೂಲಿ ಏಳುನೂರು ರೂಪಾಯಿಯ ಹತ್ತಿರ. ಇನ್ನೂರು ತಗೊಂಡವರು ಒಳಗೆ, ಐನೂರು ತಗೊಂಡವರು ಹೊರಗೆ. ಹೊರಗಾದ ಒಬ್ಬರು ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಹದಿನೆಂಟು ತುಂಬದ ಹುಡುಗರಿಗೆ ಬೇರೆ ಹಾಳೆ. ಅವರನ್ನು ಸೇರಿಸಿದರೆ ಅಂಕಿ ಚಂದ ಕಾಣುತ್ತದೆ, ದೊಡ್ಡವರ ಲೆಕ್ಕ ಕೆಡುತ್ತದೆ.

ಎರಡು ರಾತ್ರಿಯ ಹೊನಲು ಬೆಳಕಿನ ವಾಲಿಬಾಲಿಗೆ ಸುಮಾರು 480 ತಾಸು ಬಂತು, ಅಂದರೆ ದಿನಕ್ಕೆ ಎಂಟು ತಾಸಿನಂತೆ ಅರವತ್ತು ಆಳಿನ ಒಂದು ದಿನದ ಕೆಲಸ. ಉದ್ಯೋಗ ಖಾತರಿಯ 2025-26ರ ದರ 370 ರೂಪಾಯಿ ಹಿಡಿದರೆ 22 ಸಾವಿರ ಚಿಲ್ಲರೆ, ಊರ ಕೂಲಿ ಹಿಡಿದರೆ 42 ಸಾವಿರ. ಎರಡನ್ನೂ ಬರೆದು ಒಬ್ಬ ದಾನಿಯ ಮುಂದಿಟ್ಟೆವು. ಹಿಂದೆ ಐದು ಸಾವಿರ ಕೊಡುತ್ತಿದ್ದವರು ಆ ಸಲ ಲೈಟಿನ ಪೂರ್ತಿ ಖರ್ಚು ಹೊತ್ತರು. ನನ್ನ ಕೈಯಿಂದ ಜೆರಾಕ್ಸು, ಪೆಟ್ರೋಲಿಗೆ ಹೋದದ್ದು ಆರೇಳು ಸಾವಿರ, ಅದನ್ನು ಮಾತ್ರ ಯಾರೂ ಕೇಳಲಿಲ್ಲ.

ನಡುವೆ ಒಂದು ಹುಚ್ಚು: ಅರ್ಧ ತಾಸಿಗೊಮ್ಮೆ ಒಂದೇ ಜಾಗದಿಂದ ಮೈದಾನದ ಫೋಟೋ ತೆಗೆದು ತಲೆ ಎಣಿಸಿದೆ. ದುಡಿಯುವವನು ಯಾರು, ನಿಂತು ನೋಡುವವನು ಯಾರು ಎಂದು ಬಗೆಹರಿಯಲಿಲ್ಲ. ಊಟದ ಬಾಳೆಲೆ ಎಣಿಸಿ ತಾಳೆ ನೋಡಿದ್ದು ಅದಕ್ಕಿಂತ ಚೆನ್ನಾಗಿ ಕೂಡಿಬಂತು. ತಾಸು ಉಬ್ಬಿಸುವವರನ್ನು ಹಿಡಿಯಲು ಹಾಳೆಯಲ್ಲಿ ಎರಡು ಪ್ರಶ್ನೆ ಸೇರಿಸಿದ್ದೇನೆ. ಅವು ಯಾವುವೆಂದು ಬರೆಯುವುದಿಲ್ಲ, ಬರೆದರೆ ಮುಂದಿನ ಹಂಗಾಮಿಗೆ ಉತ್ತರ ತಯಾರಾಗಿರುತ್ತದೆ.

ದೇವಿಮನೆ ಘಟ್ಟ ಹತ್ತಿ ಶಿರಸಿ ಕಡೆಯೂ ಒಂದು ಸಲ ಪ್ರಯತ್ನಿಸಿದೆ. ಅಲ್ಲಿ ಅಡಿಕೆ ಕೊನೆ ಕೊಯ್ಯುವ ಹೊತ್ತು. ದೊಡ್ಡವರೆಲ್ಲ ಅಡಿಕೆ ಸುಲಿಯುವುದರಲ್ಲಿ, ಕೋರ್ಟಿನ ಕೆಲಸವೆಲ್ಲ ಕಾಲೇಜು ಹುಡುಗರ ಮೇಲೆ. ಈ ಸಲ ಮಾರ್ಚ್ ಕಳೆದ ಮೇಲೆಯೇ ಹೋಗುತ್ತೇನೆ, ಕೆಲಸದ ಪಟ್ಟಿಯನ್ನೂ ಅಲ್ಲಿಯವರ ಹತ್ತಿರವೇ ಬರೆಸುತ್ತೇನೆ.